ಗಾಯ ಕಾಣದ ಪೆಟ್ಟು

ನನ್ನ ತಲೆಯ ಮೇಲೆ ಗಾಯವಿಲ್ಲ. ಬೇಕಾದವರು ಕೂದಲು ಬಿಡಿಸಿ ನೋಡಬಹುದು, ಹಾಗೆ ನೋಡಿದವರೂ ಇದ್ದಾರೆ. ಪೆಟ್ಟು ಒಳಗಿದೆ ಅಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ. ಹಸು ಅಡ್ಡ ಬಂತೆಂದು ಡ್ರೈವರ್ ಬ್ರೇಕ್ ಒತ್ತಿದ. ಹಿಂದಕ್ಕೆ ಬಿದ್ದೆ, ನನ್ನ ಹಿಂದಲೆ ಕಂಬಿಗೆ ಬಡಿಯಿತು. ರಕ್ತ ಬರಲಿಲ್ಲ. ಸೀರೆ ಸರಿ ಮಾಡಿಕೊಂಡು ಎದ್ದೆ, ಸಂತೆಯನ್ನೂ ಮುಗಿಸಿ ಬಂದೆ. ಮಾರನೇ ದಿನ ವಾಂತಿ ಹಿಡಿಯಿತು. ಮಗ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ತಲೆಯ ಒಳಗಿನ ಫೋಟೊ ತೆಗೆದರು.

"ಅಜ್ಜಿ, ಮಿದುಳಿಗೆ ಪೆಟ್ಟಾಗಿದೆ. ವಾಸನೆ ತಿಳಿಯೋ ನರ ಕೆಟ್ಟಿದೆ, ಮರೆವೂ ಇರುತ್ತೆ. ಒಲೆ ಹತ್ರ ಒಬ್ಬರೇ ಇರಬೇಡಿ," ಅಂದರು ಡಾಕ್ಟರಮ್ಮ. ಮಗ ತಲೆ ಆಡಿಸಿದ. ಅವನು ಕೇರಳಕ್ಕೆ ತರಕಾರಿ ಲಾರಿ ಓಡಿಸುವವನು. ನನ್ನನ್ನು ಮನೆಗೆ ಬಿಟ್ಟು ಹೊರಟ.

ಮನೆಯಲ್ಲಿ ಉಳಿದದ್ದು ನಾನು, ಸೊಸೆ, ಸಣ್ಣ ಮೊಮ್ಮಗಳು. ಸೊಸೆ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನ್ ಹತ್ತಿದರೆ ಬರುವುದು ಕತ್ತಲಾದ ಮೇಲೆ. ಮಗು ಅಂಗನವಾಡಿಯಿಂದ ಮಧ್ಯಾಹ್ನ ಬರುತ್ತದೆ. ಅಲ್ಲಿಂದ ಕತ್ತಲಾಗುವವರೆಗೆ ಅದರ ಜೀವ ನನ್ನ ಕೈಯಲ್ಲಿ. ನನ್ನ ಕೈಯಲ್ಲಿ ಬಿಡಬೇಡಿ ಅನ್ನುವುದೇ ನನ್ನ ಮಾತು.

"ಹಂಗಾರೆ ಕೆಲ್ಸ ಬುಟ್ಟು ಕೂತ್ಕಳನಾ ಅತ್ತೆ?" ಅಂದಳು ಸೊಸೆ. "ಚೆನ್ನಾಗೇ ಇದ್ದೀರಲ್ಲ. ಉಣ್ತೀರಿ, ಜಗಳ ಆಡ್ತೀರಿ."

"ಜಗಳ ಆಡಕ್ಕೆ ಮೂಗು ಬೇಕಿಲ್ಲ ಕಣಮ್ಮಿ."

ಅಷ್ಟರಲ್ಲಿ ಅರಿಶಿನ ಬೇಯಿಸುವ ಕಾಲ ಬಂತು. ನಮ್ಮ ಕಡೆ ಕಿತ್ತ ಅರಿಶಿನವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಹಬೆಯಲ್ಲಿ ಹಸಿ ಮಣ್ಣಿನ ವಾಸನೆ ಹೋಗಿ ಘಾಟು ಬಂದರೆ ಬೆಂದಿದೆ ಎಂದರ್ಥ. ಆಗ ಬೆಂಕಿ ಎಳೆಯಬೇಕು, ತಡವಾದರೆ ಬಣ್ಣ ಕೆಡುತ್ತದೆ. ಅದನ್ನು ಹೇಳುವವಳು ನಾನೇ. ಪಕ್ಕದ ಹೊಲದವನು ಈ ಸಲವೂ ಬಂದ.

"ದೊಡ್ಡವ್ವ, ಬಂದು ನೋಡವ್ವ."

"ನಂಗೆ ವಾಸ್ನೆ ಬರಕಿಲ್ಲ ಕಣಪ್ಪ. ಕಡ್ಡಿ ಚುಚ್ಚಿ ನೋಡ್ಕೊ."

"ಓಹೋ, ಈ ಸಲ ಎಲೆ ಅಡಿಕೆ ಇಟ್ಟು ಕರೀಬೇಕಾ?" ಎಂದು ನಕ್ಕ. ನಿಜವಾಗಿಯೂ ಎಲೆ ಅಡಿಕೆ ತಂದು ಮಡಿಲಿಗೆ ಹಾಕಿದ. ಹಾಕಿದ ಮೇಲೆ ಹೋಗದಿರುವ ಹಾಗಿಲ್ಲ. ಹೋಗಿ ಕೊಪ್ಪರಿಗೆಯ ಪಕ್ಕ ನಿಂತೆ. ಮುಖಕ್ಕೆ ಹಬೆ ಬಡಿಯಿತು, ಬಿಸಿನೀರಿನ ಹಬೆಯ ಹಾಗೆ, ಏನೂ ಇಲ್ಲ. ಪ್ರತಿ ವರ್ಷವೂ ಬೇಯುವ ತನಕ ನಾನು ಬಾಯಿ ಬಿಡುವವಳಲ್ಲ. ಅವನು ನನ್ನ ಮೌನ ನೋಡಿ ಇನ್ನೂ ಬೆಂದಿಲ್ಲ ಅಂದುಕೊಂಡು ಸೌದೆ ಒಟ್ಟುತ್ತಲೇ ಹೋದ. ಕೊಪ್ಪರಿಗೆಯ ಅರಿಶಿನವಷ್ಟೂ ಕಪ್ಪಾಯಿತು.

"ಹೊಟ್ಟೆಕಿಚ್ಚು ಮುದುಕಿಗೆ," ಎಂದು ಊರಿಗೆಲ್ಲ ಹೇಳಿದ. ತಲೆಗೆ ಪೆಟ್ಟಾಗಿದೆ ಅನ್ನುವುದಕ್ಕಿಂತ ಇದನ್ನು ನಂಬುವುದು ಜನಕ್ಕೆ ಸುಲಭವಾಯಿತು.

ಅರಿಶಿನ ಹಾಳಾದರೆ ಹಾಳಾಯಿತು, ಮಗು ಹಾಗಲ್ಲ. ಒಂದು ಮಧ್ಯಾಹ್ನ ಗ್ಯಾಸಿನ ಮೇಲೆ ಹಾಲಿಟ್ಟು ಮರೆತೆ. ಹಾಲು ಉಕ್ಕಿ ಉರಿ ಆರಿತು. ನಾನು ನಡುಮನೆಯಲ್ಲಿ ಮಗುವಿಗೆ ತಲೆ ಬಾಚುತ್ತಿದ್ದೆ. ಮಬ್ಬಾಗಿದೆ ಎಂದು ಲೈಟು ಹಾಕಲು ಎದ್ದೆ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಸಾಬರ ಹೆಂಗಸು ಮಗುವಿನ ಲಂಗ ಕೊಡಲು ಅದೇ ಹೊತ್ತಿಗೆ ಬಾಗಿಲಿಗೆ ಬಂದಳು.

"ಯಾ ಅಲ್ಲಾ, ಗ್ಯಾಸು! ಸ್ವಿಚ್ ಮುಟ್ಬೇಡಿ ಅಮ್ಮಾ! ಮಗೂನ ಎತ್ಕೊಂಡು ಆಚೆ ಬನ್ನಿ!"

ನನ್ನ ಬೆರಳು ಸ್ವಿಚ್ಚಿನ ಮೇಲಿತ್ತು.

ಸಂಜೆ ಸೊಸೆಗೆ ಹೇಳಿದರೆ, "ಹಾಲು ಎಲ್ಲಾರ ಮನೇಲೂ ಉಕ್ತದೆ ಬುಡಿ," ಅಂದಳು. ಅವಳ ಮುಖ ಮಾತ್ರ ಬಿಳಿಚಿಕೊಂಡಿತ್ತು. ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ, ಅದು ನನಗೂ ಗೊತ್ತು. ಒಲೆ ಮುಟ್ಟಬಾರದು ಅನ್ನುವುದೂ ಗೊತ್ತು. ಆದರೆ ಗೊತ್ತಿರುವುದೇ ಮರೆತುಹೋಗುತ್ತದೆ. ಮೊನ್ನೆ ಮಗು ಬಿಸಿ ಹಾಲು ಕುಡಿಯುತ್ತಿತ್ತು. ಯಾರು ಕಾಯಿಸಿಕೊಟ್ಟದ್ದು ಎಂದು ಕೇಳಿದೆ.

"ನೀನೇ ಕಣಜ್ಜಿ," ಅಂದಿತು.

ಹೆಂಗಸರ ಸಂಘದ ಸಭೆಯಲ್ಲಿ ಎದ್ದು ನಿಂತೆ. "ನಂಗೆ ಮಾತ್ರೆ ಬ್ಯಾಡ, ಅಯ್ಯೋ ಪಾಪಾನೂ ಬ್ಯಾಡ. ನಮ್ಮ ಬೀದೀಲಿ ಓಗೋವಾಗ ಬಾಗಿಲಲ್ಲಿ ನಿಂತು ವಾಸ್ನೆ ನೋಡಿ, ಕೂಗಿ ತಿಳ್ಸಿ. ಅಷ್ಟೇಯ," ಅಂದೆ.

"ನಿಮ್ಮನೆ ಸಾರಿನ ವಾಸ್ನೆನಾ ಅಜ್ಜಿ?" ಎಂದಳು ಒಬ್ಬಳು. ಎಲ್ಲ ನಕ್ಕರು. ಆದರೂ ಕೆಲವು ದಿನ ನಿಂತು ನೋಡಿದರು. "ಅಜ್ಜೀ, ಗ್ಯಾಸಿಲ್ಲ, ಹುರುಳಿ ಸಾರು!" ಎಂದು ಕೂಗಿ ಹೋಗುತ್ತಿದ್ದರು. ತಮಾಷೆ ಹಳೆಯದಾದ ಮೇಲೆ ಬಿಟ್ಟರು. ಒಂದು ದಿನವೂ ತಪ್ಪಿಸದವಳು ಎದುರು ಮನೆಯವಳು. ಅವಳೀಗ ಮಗಳ ಬಾಣಂತನಕ್ಕೆ ನಂಜನಗೂಡಿಗೆ ಹೋಗಿದ್ದಾಳೆ.

ಅದಕ್ಕೆ ಮಗು ಬಂದ ಕೂಡಲೇ ಇಬ್ಬರೂ ಹೊರಗೆ ಜಗಲಿಯ ಮೇಲೆ ಕೂರುತ್ತೇವೆ. ಕೂತಲ್ಲೇ ಇದನ್ನು ಬರೆಯುತ್ತಿದ್ದೇನೆ. ಇವತ್ತು ಮೋಡ ಕಟ್ಟಿದೆ, ಹನಿ ಬೀಳಲು ಶುರುವಾಗಿದೆ. "ಒಳಗೋಗನ ಅಜ್ಜಿ," ಎಂದು ಮಗು ಸೆರಗು ಜಗ್ಗುತ್ತಿದೆ. ಆಗಲೇ ಒಮ್ಮೆ ನೀರು ಕುಡಿಯಲು ಒಳಗೆ ಹೋಗಿದ್ದೆ. ಒಲೆ ಮುಟ್ಟಿದೆನೋ ಇಲ್ಲವೋ ನೆನಪಿಲ್ಲ. ವಾಸನೆ ನೋಡಿ ಹೇಳಲು ಬೀದಿಯಲ್ಲಿ ಯಾರೂ ಇಲ್ಲ.