ಡ್ರಮ್ ಬ್ರೇಕಿನ ಸಿಲಿಂಡರ್

ಅಣ್ಣ, ನಿನ್ನ ಕಾರಿನ ಬ್ರೇಕು ಹೋದದ್ದು ನನ್ನಿಂದ. ನಿನ್ನ ವೇಗದಿಂದಲ್ಲ.

ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಸಿಡ್ನಿಯ ಪ್ಯಾರಮಟ್ಟಾದ ನಮ್ಮ ಗ್ಯಾರೇಜಿನಲ್ಲಿ ಎರಡು ಹಳೆಯ ವಿ-ಎಯ್ಟ್ ಇಂಜಿನಿನ ಕಾರುಗಳಿದ್ದವು. ಒಂದು ನಿನ್ನದು, ಇನ್ನೊಂದು ಬಿಡಿಭಾಗಗಳಿಗಾಗಿ ತಂದದ್ದು. ಅದರ ಹಿಂದಿನ ಆಕ್ಸಲ್, ಮುಂದಿನ ಡಿಸ್ಕ್ ಬ್ರೇಕು ಬಿಚ್ಚಿ ನಿನ್ನ ಕಾರಿಗೆ ಕೂರಿಸಿದವಳು ನಾನು, ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗಿ. ನೀನು ಟಾರ್ಚ್ ಹಿಡಿಯುತ್ತಿದ್ದೆ. ಆದರೆ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದದ್ದು, "ಎಲ್ಲಾ ನಮ್ಮ ರಘು ಕೈಕೆಲಸ." ಮಗಳ ಉಗುರಿನಲ್ಲಿ ಗ್ರೀಸ್ ಇದೆಯೆಂದು ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲವಂತೆ! ಯುಗಾದಿ ಊಟಕ್ಕೆ ಬಂದ ಅಂಕಲ್ ಒಬ್ಬರು ನಿನ್ನ ಬೆನ್ನು ತಟ್ಟಿ, "ಏನಯ್ಯಾ, ಗುಜರಿಗೆ ಜೀವ ಬರಿಸಿಬಿಟ್ಟೆ!" ಎಂದಾಗ ನೀನು ನಕ್ಕೆ. ನಾನು ಕೋಸಂಬರಿ ಬಡಿಸುತ್ತಿದ್ದೆ.

ಒಂದು ಕೆಲಸ ಉಳಿದಿತ್ತು. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಸಿಲಿಂಡರ್ ನಿನ್ನ ಕಾರಿನ ಹಳೆಯ ಡ್ರಮ್ ಬ್ರೇಕಿನದು. ಡಿಸ್ಕಿಗೆ ಅದು ಹೊಂದುವುದಿಲ್ಲ. ಕಾಲು ತೆಗೆದ ಮೇಲೂ ಬ್ರೇಕನ್ನು ತುಸು ಹಿಡಿದೇ ಇರುತ್ತದೆ. ದೂರ ಓಡಿದರೆ ಕಾದು ಎಣ್ಣೆ ಕುದಿಯುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಇನ್ನೊಂದು ಕಾರಿನದು ತುಕ್ಕು ಹಿಡಿದಿತ್ತು, ಬೇರೆ ಹುಡುಕಬೇಕಿತ್ತು — ನೀನೋ ಮರುದಿನವೇ ಮೆಲ್ಬರ್ನಿಗೆ, ವಿದ್ಯಾಳೊಂದಿಗೆ ನಿನ್ನ ನಿಶ್ಚಿತಾರ್ಥಕ್ಕೆ ಹೊರಟಿದ್ದೆ.

"ಬ್ರೇಕ್ ಓಕೆನಾ?" ಎಂದು ನೀನು ಕೇಳಿದೆ.

"ನನ್ನನ್ಯಾಕೆ ಕೇಳ್ತೀಯಾ? ಎಲ್ಲಾ ನಿನ್ನ ಕೈಕೆಲಸ ಅಲ್ವಾ?"

"ತಪ್ಪಾಯ್ತು ತಾಯಿ! ಓಕೆನಾ ಹೇಳು."

"ಓಕೆ," ಎಂದೆ ನಾನು.

ಮೆಲ್ಬರ್ನಿನ ಹತ್ತಿರದ ಇಳಿಜಾರಿನಲ್ಲಿ ಪೆಡಲ್ ನೆಲಕ್ಕಿಳಿಯಿತು. ಕಾರು ಮರಕ್ಕೆ ಗುದ್ದಿತು. ನಿನ್ನ ಮೊಣಕಾಲು ಮತ್ತೆ ಮಡಚಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ "ಸ್ಪೀಡಿನ ಹುಚ್ಚು!" ಎಂದು ಕೂಗಾಡಿದರು. ಇಂಥ ಹುಡುಗನಿಗೆ ಮಗಳನ್ನು ಕೊಡುವುದಿಲ್ಲ ಎಂದರು ವಿದ್ಯಾಳ ತಂದೆ. ಪೊಲೀಸರು ಕೇಳಿದಾಗ ನೀನು, "ಕಾರು ನಾನೇ ಸರಿಮಾಡಿದ್ದು," ಅಂದೆ. ನಾನು ಅಲ್ಲೇ, ನಿನ್ನ ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಂದಿನಿಂದ ನೀನು ಮೆಲ್ಬರ್ನಿನಲ್ಲೇ ಉಳಿದೆ, ಸಿಡ್ನಿಗೆ ಮರಳಲಿಲ್ಲ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. "ಈಗ್ಯಾಕೆ ಅದೆಲ್ಲಾ? ಭಾನುವಾರ ಗಂಡಿನ ಕಡೆಯವರು ಬರ್ತಿದ್ದಾರೆ," ಎಂದರು. ನನ್ನ ಮೈ ಉರಿಯಿತು. ನನ್ನ ಉಗುರು ಚೊಕ್ಕಟವಾಗಿ ಕಾಣಲು ನಿನ್ನ ಕಾಲು, ನಿನ್ನ ಹೆಸರು, ಇನ್ನೂ ಏನೇನು ಬೇಕು ಈ ಮನೆಗೆ? ಆದರೆ ಅಪ್ಪನ ಸುಳ್ಳಿನ ಹಿಂದೆ ನಾನು ಅಡಗಿಕೊಳ್ಳಲಾರೆ. ಸಿಲಿಂಡರ್ ಬದಲಿಸಬೇಡ ಎಂದು ಅವರು ಹೇಳಿರಲಿಲ್ಲ. ಆ "ಓಕೆ" ನನ್ನದೇ.

ಭಾನುವಾರ ನಾನು ಇಲ್ಲಿರುವುದಿಲ್ಲ. ಶನಿವಾರದ ಮೆಲ್ಬರ್ನ್ ರೈಲಿಗೆ ಹೊರಡುತ್ತೇನೆ. ಮೊದಲು ವಿದ್ಯಾಳ ತಂದೆಯ ಮನೆಗೆ — ಯಾರಿದ್ದರೂ ಅವರೆದುರಿಗೇ ಹೇಳುತ್ತೇನೆ. ಆಮೇಲೆ ನಿನ್ನಲ್ಲಿಗೆ. ನೀನು ಬಾಗಿಲು ತೆಗೆಯಲೇಬೇಕೆಂದಿಲ್ಲ.