ಯಾವ ಕಾರ್ಯಕ್ಕೆ ಯಾವ ಹಾಡು

ಸವಳಂಗದಲ್ಲಿ ಮುತ್ತುರಾಜನದೊಂದು ಮೈಕ್‌ಸೆಟ್ ಅಂಗಡಿ. ನ್ಯಾಮತಿ, ಹೊನ್ನಾಳಿ ಕಡೆ ಮದುವೆಯಿರಲಿ, ನಾಮಕರಣವಿರಲಿ, ಜನ ಅವನನ್ನೇ ಕರೆಯುತ್ತಿದ್ದರು. ಕ್ಯಾಸೆಟ್ ಕಾಲದಿಂದ ಕೂಡಿಟ್ಟ ಹಾಡುಗಳನ್ನು ಸಿ.ಡಿ.ಗೆ, ಅಲ್ಲಿಂದ ಪೆನ್‌ಡ್ರೈವಿಗೆ, ಕೊನೆಗೆ ಒಂದು ಹಾರ್ಡ್‌ಡಿಸ್ಕಿಗೆ ಸುರಿದಿದ್ದ. ಸುರಿದಿದ್ದ ಅನ್ನುವುದೇ ಸರಿ, ಜೋಡಿಸಿರಲಿಲ್ಲ. ‘ಟ್ರ್ಯಾಕ್ ಒಂದು’ ಅನ್ನುವ ಹೆಸರಿನವೇ ನೂರಾರು. ಯಾವುದರೊಳಗೆ ಏನಿದೆ ಅನ್ನುವ ಲೆಕ್ಕವೆಲ್ಲ ತಲೆಯಲ್ಲಿತ್ತು. ಆ ತಲೆ ಇತ್ತೀಚೆಗೆ ಆಗಾಗ ಕೈಕೊಡುತ್ತಿತ್ತು.

ಗೋವಿನಕೋವಿ ಊರಿನ ನಾಮಕರಣವೊಂದರಲ್ಲಿ ಕೈಕೊಟ್ಟೇಬಿಟ್ಟಿತು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಜೋಗುಳ ಹಾಕಲು ಹೋಗಿ, ಸತ್ತವರ ಮನೆಯ ಭಜನೆ ಪದ ಹಾಕಿದ. ಕೂಸಿನ ಅಜ್ಜಿ ಲಕ್ಷ್ಮಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು ನೇರ ಮೈಕಿನವನ ಹತ್ತಿರವೇ ಬಂದಳು.

“ಏನಪ್ಪಾ, ಕೂಸಿಗೆ ಹೆಸರಿಡಾಕೆ ಕರೆಸಿದ್ರೆ ಕಳಿಸಿಕೊಡಾಕೆ ನಿಂತೀಯಲ್ಲ!”

ಚಪ್ಪರವೆಲ್ಲ ನಕ್ಕಿತು. ಮುತ್ತುರಾಜನಿಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಮರುದಿನವೇ ನ್ಯಾಮತಿಗೆ ಹೋಗಿ, ಕಂಪ್ಯೂಟರ್ ರಿಪೇರಿಯ ರಮೇಶನ ಮುಂದೆ ಲ್ಯಾಪ್‌ಟಾಪ್ ಇಟ್ಟ. “ಹಾಡು ಜೋಡಿಸೋ ಸಾಫ್ಟ್‌ವೇರ್ ಐತಂತಲ್ಲ, ಹಾಕಿಕೊಡು ಮಾರಾಯ.”

“ಬೇಕಾದಷ್ಟು ಅದಾವೆ. ಮೂರು ಹಾಕ್ತೀನಿ, ಯಾವುದು ಒಗ್ಗುತ್ತೋ ನೋಡು. ಮೊದಲು ಹಾಡಿಂದೆಲ್ಲ ಇನ್ನೊಂದು ಕಾಪಿ ತೆಗೆದಿಟ್ಕೋ,” ಅಂದ ರಮೇಶ.

ಮೊದಲನೆಯದು ಗಾಯಕರ ಹೆಸರು ಹಿಡಿದು ವಿಂಗಡಿಸಿತು. ಸಿನಿಮಾ ಹಾಡುಗಳೇನೋ ಚೆನ್ನಾಗಿ ಕೂತವು. ಊರೂರ ಹೆಂಗಸರ ಸೋಬಾನೆ ಪದಗಳು ಮಾತ್ರ ‘ಗಾಯಕರು ತಿಳಿದಿಲ್ಲ’ ಅನ್ನುವ ಒಂದೇ ರಾಶಿಗೆ ಬಿದ್ದವು. ಎರಡನೆಯದು ಬಲು ಚೆಲುವೆ. ಇಂಟರ್‌ನೆಟ್ಟಿನಿಂದ ತಾನೇ ಚಿತ್ರ ತಂದು ಒಂದೊಂದು ಹಾಡಿಗೂ ಅಂಟಿಸಿತು. ಅಂಗಡಿಗೆ ಬಂದ ಭಜನೆ ಮೇಳದ ಚಿಕ್ಕಹನುಮಂತಪ್ಪ, ತಾನು ಹಾಡಿದ ಭಜನೆಯ ಪಕ್ಕ ಗಿಟಾರ್ ಹಿಡಿದ ವಿದೇಶಿ ಹುಡುಗಿಯನ್ನು ಕಂಡು ಕಣ್ಣರಳಿಸಿದ.

“ಯಾರೋ ಈಯಮ್ಮ? ನಮ್ಮ ಮೇಳಕ್ಕೆ ಬರ್ತಾಳಂತೇನು?”

ಮೂರನೆಯದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಸಾಲು. ಮುತ್ತುರಾಜ ಮೂಗು ಮುರಿದು ಮುಚ್ಚಲು ಹೋದ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ದುರ್ಗಾಂಬಿಕಾ, “ತಡೀರಿ,” ಅಂದಳು. “ಯಾರು ಹಾಡಿದ್ದು ಅಂತ ನಿಮ್ಮನ್ನ ಯಾರಾದ್ರೂ ಕೇಳ್ತಾರೇನ್ರಿ?”

“ಇಲ್ಲ. ಅರಿಶಿನ ಹಚ್ಚೋದು ಹಾಕು, ಧಾರೆದು ಹಾಕು ಅಂತಾರೆ.”

“ಇದ್ರಾಗೆ ಹಂಗೆ ಬರ್ಕೊಳ್ಳಾಕೆ ಬರ್ತೈತೇನು ನೋಡ್ರಿ.”

ಬರುತ್ತಿತ್ತು. ಅದೂ ಕನ್ನಡದಲ್ಲೇ, ನೆಟ್ಟಿನ ಹಂಗಿಲ್ಲದೆ. ಅಲ್ಲಿಗೆ ಆಯ್ಕೆ ಮುಗಿಯಿತು.

ಅಂದಿನಿಂದ ಮಧ್ಯಾಹ್ನವೆಲ್ಲ ಹಾಡು ಕೇಳುವುದೇ ಕೆಲಸ. ಅವನು ಹಾಕುವುದು, ಅವಳು ಒಂದು ಬೆರಳಿನಲ್ಲಿ ಟೈಪು ಮಾಡುವುದು. ಇಬ್ಬರಿಗೂ ಜಗಳ ಬೇರೆ.

“ಇದು ಗೃಹಪ್ರವೇಶದ್ದು.”

“ಅಲ್ರೀ, ಸೊಸೆ ತುಂಬಿಸ್ಕೊಳ್ಳೋದು. ನಮ್ಮ ತೌರು ಸೊಕ್ಕೆ ಕಡೆ ಹಿಂಗೇ ಹಾಡ್ತಾರೆ,” ಎಂದು ಅವಳು ಮುಂದಿನ ಸಾಲು ತಾನೇ ಹಾಡಿಬಿಡುವಳು. ಹಾಡು ಎರಡೂ ಕಡೆ ದಾಖಲಾಗುವುದು. ಇವಳಿಗೆ ಇಷ್ಟೊಂದು ಪದ ಬರುತ್ತವೆಂದು ಮುತ್ತುರಾಜನಿಗೆ ಮದುವೆಯಾಗಿ ಇಷ್ಟು ವರ್ಷವಾದರೂ ಗೊತ್ತಿರಲಿಲ್ಲ. ಒಮ್ಮೊಮ್ಮೆ ಬೇಕಂತಲೇ ತಪ್ಪು ಹೇಳಿ ಅವಳಿಂದ ಹಾಡಿಸುತ್ತಿದ್ದ.

ದೀಪಾವಳಿ ಕಳೆದು ಜಗಳೂರಿನ ಮದುವೆಯೊಂದು ಬಂತು. ಅವಳ ಕಡೆಯವರೇ ಆದ್ದರಿಂದ ಜೊತೆಯಲ್ಲೇ ಹೋದಳು. ಹೋದವಳು ಲ್ಯಾಪ್‌ಟಾಪಿನ ಮುಂದೆ ಕೂತುಬಿಟ್ಟಳು. ಅರಿಶಿನ ಅಂದರೆ ಅರಿಶಿನ, ಧಾರೆ ಅಂದರೆ ಧಾರೆ. ಎರಡಕ್ಷರ ಒತ್ತುವಷ್ಟರಲ್ಲಿ ಹಾಡು ಸಿದ್ಧ. ಹೆಂಗಸರು ಮೈಕಿನ ಸುತ್ತಲೇ ನೆರೆದು, “ಅಕ್ಕಾ, ಬೀಗರನ್ನ ಹಂಗಿಸೋದು ಒಂದು ಹಾಕು,” ಅಂತ ಪೀಡಿಸತೊಡಗಿದರು. ಮುಂದಿನ ತಿಂಗಳ ಮದುವೆಗೆ ಮಾತಾಡಲು ಬಂದವರೊಬ್ಬರು ಮುತ್ತುರಾಜನನ್ನು ದಾಟಿ ಅವಳನ್ನೇ ಕೇಳಿದರು: “ನೀವೇ ಬರ್ತೀರಲ್ಲಮ್ಮ?”

ಮುತ್ತುರಾಜನಿಗೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಅಂಗಿ ಜಾಡಿಸಿಕೊಂಡು, ಮೈಕಿನವನಾದ ಮೇಲೆ ಮೊಟ್ಟಮೊದಲ ಸಲ, ಮೊದಲ ಪಂಕ್ತಿಯಲ್ಲೇ ಬಿಸಿ ಅನ್ನದ ಮುಂದೆ ಕೂತ.