ಚುಕ್ಕಿ ಇಡದ ಚೆಂಡು

ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದಾಗ ಮೊದಲು ಬಂದದ್ದು ಒಣಗಿದ ಹೊಗೆಸೊಪ್ಪಿನ ವಾಸನೆ. ಒಳಗೆ ಹಳೇ ಟವೆಲ್ಲಿನ ತುಂಡಿನಲ್ಲಿ ಸುತ್ತಿದ ಒಂದು ಗಾಲ್ಫ್ ಚೆಂಡಿತ್ತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಅದನ್ನು ಮೂರು ಸಲ ತಿರುಗಿಸಿ ನೋಡಿದೆ. ಕೆಂಪು ಚುಕ್ಕಿ ಎಲ್ಲೂ ಇರಲಿಲ್ಲ...

ಚೆಂಡು ನಮ್ಮೂರಿನ ಪಕ್ಕದ ಮನೆಯ ಅಣ್ಣನದು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಳಗಿರುವ ಊರು ನಮ್ಮದು. ಹೊಗೆಸೊಪ್ಪು, ರಾಗಿ, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೇಕಾದ ಸೌದೆ, ಇಷ್ಟೇ ಅಲ್ಲಿನ ಮಾತು. ಅಂಥ ಊರಿನಲ್ಲಿ ಒಬ್ಬ ಗಾಲ್ಫ್ ಆಟಗಾರನಿದ್ದ ಎಂದರೆ ಕೆ.ಆರ್. ನಗರದಲ್ಲಿ ನಾನು ಪಾಠ ಮಾಡುವ ಶಾಲೆಯ ಟೀಚರುಗಳು ಈಗಲೂ ನಂಬುವುದಿಲ್ಲ. ನಮ್ಮೂರಿನವರೇ ನಂಬಿರಲಿಲ್ಲ, ಅದು ಬೇರೆ ಮಾತು.

ಅಣ್ಣ ಮೈಸೂರಿಗೆ ಹೋದದ್ದು ಆಡುವವರ ಬ್ಯಾಗು ಹೊರುವ ಕೆಲಸಕ್ಕೆ. ವಾರಕ್ಕೊಂದು ದಿನ ಮೈದಾನಕ್ಕೆ ರಜೆ. ಆ ದಿನ ಬ್ಯಾಗು ಹೊರುವವರು ಆಡಬಹುದಿತ್ತು. ಯಾರೋ ಕೊಟ್ಟ ಹಳೇ ಕೋಲುಗಳಲ್ಲಿ ಹಾಗೆ ಆಡುತ್ತಾ ಆಡುತ್ತಾ, ಒಂದು ವರ್ಷ ಆಯ್ಕೆಯ ಪಂದ್ಯದಲ್ಲಿ ಪಾಸಾಗಿ ವೃತ್ತಿಪರ ಆಟಗಾರನೇ ಆಗಿಬಿಟ್ಟ. ಕಲ್ಕತ್ತಾ, ಚಂಡೀಗಢ, ದೆಹಲಿ... ಸ್ಲೀಪರ್ ಬೋಗಿಯಲ್ಲಿ ಕೋಲುಗಳ ಚೀಲ ತಬ್ಬಿಕೊಂಡು ಮಲಗಿ ಹೋಗಿಬರುತ್ತಿದ್ದ. ಊರಿಗೆ ಬಂದರೆ ಸೊಪ್ಪು ಮುಗಿದು ಬರಿದಾದ ಹೊಲದಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದ. ದಾರಿಯಲ್ಲಿ ಹೋಗುವವರು, "ಏನ್ಲಾ, ಇಲಿ ಬಿಲ ಸಿಕ್ತಾ?" ಎನ್ನುತ್ತಿದ್ದರು. ಅವನು ತಲೆಯೆತ್ತದೆ, "ಉಡುಕ್ತಾ ಇವ್ನಿ ಕಣಣ್ಣ" ಎನ್ನುತ್ತಿದ್ದ.

ನಮ್ಮ ಮನೆಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ಮೊದಲ ಬೀಜವನ್ನು ಕೈಗುಣ ಇರುವವರಿಂದ ಹಾಕಿಸುವುದು ರೂಢಿ. ಯಾವುದೋ ವರ್ಷ ನಾನು ಬೀಜ ಹಾಕಿದ ಮಡಿ ಒತ್ತಾಗಿ ಹುಟ್ಟಿತೆಂದು ಆಮೇಲೆ ನಾಲ್ಕು ಮನೆಯವರು ನನ್ನನ್ನೇ ಕರೆಯುತ್ತಿದ್ದರು. ನನಗೂ ಅದರ ಜಂಬವಿತ್ತು, ಸುಳ್ಳೇಕೆ. ಗಾಲ್ಫಿನಲ್ಲಿ ಎಲ್ಲರ ಚೆಂಡೂ ನೋಡಲು ಒಂದೇ ಥರ, ಆದ್ದರಿಂದ ಆಟಗಾರ ತನ್ನ ಚೆಂಡಿಗೊಂದು ಗುರುತು ಹಾಕಿಕೊಳ್ಳಬೇಕು. ಹುಲ್ಲಿನಲ್ಲಿ ಸಿಕ್ಕ ಚೆಂಡು ತನ್ನದೇ ಎಂದು ಹೇಳಲಾಗದಿದ್ದರೆ ಅದು ಕಳೆದುಹೋದಂತೆ. ದಂಡ ಹಾಕಿಸಿಕೊಂಡು ಹಿಂದಕ್ಕೆ ಹೋಗಿ ಮತ್ತೆ ಹೊಡೆಯಬೇಕು. ಬೇರೆಯವರು ತಮ್ಮ ಗುರುತು ತಾವೇ ಹಾಕಿಕೊಳ್ಳುತ್ತಾರೆ. ನಮ್ಮಣ್ಣ ಪ್ರತಿ ಪಂದ್ಯಕ್ಕೆ ಮುಂಚೆ ಚೆಂಡಿನ ಡಬ್ಬಿಗಳನ್ನೂ ಕೆಂಪು ಪೆನ್ನನ್ನೂ ಹಿಡಿದು ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದ.

"ನಿನ್ ಕೈಗುಣ ಚೆನ್ನಾಗದೆ ಕಣವ್ವ. ಎಲ್ಡೆಲ್ಡು ಚುಕ್ಕಿ ಮಡಗು."

ಮಡಗಿದ ಚುಕ್ಕಿಯನ್ನು ಅವನು ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಹಾಕಿದ ಬೀಜವನ್ನು ಯಾರಾದರೂ ಕೆದಕಿ ನೋಡುತ್ತಾರೆಯೇ ಎನ್ನುತ್ತಿದ್ದ.

ಆ ವರ್ಷದ ಕೊನೆಯ ಪಂದ್ಯ ಅವನ ಪಾಲಿಗೆ ಸಾವು ಬದುಕಿನದು. ಅದರಲ್ಲಿ ಚೆನ್ನಾಗಿ ಆಡಿದರೆ ಮುಂದಿನ ವರ್ಷವೂ ವೃತ್ತಿಪರರ ಪಟ್ಟಿಯಲ್ಲಿ ಹೆಸರು ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅವನು ಹೊರಡುವ ದಿನವೇ ನನ್ನನ್ನು ನೋಡಲು ಪಿರಿಯಾಪಟ್ಟಣದ ಕಡೆಯ ಗಂಡಿನವರು ಬಂದಿದ್ದರು. ಸೀರೆ ಉಟ್ಟು ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಡುತ್ತಿದ್ದೆ. ಕೊನೆಯ ಡಬ್ಬಿಯ ಮೂರರಲ್ಲಿ ಎರಡು ಮುಗಿದಿದ್ದವು. ಒಳಗಿನಿಂದ ಅವ್ವ ಕಾಫಿ ತಟ್ಟೆಗೆ ಕೂಗಿದಳು. ಮೂರನೆಯದನ್ನು ಹಾಗೇ ಡಬ್ಬಿಗೆ ತುರುಕಿ ಕೊಟ್ಟುಬಿಟ್ಟೆ.

ಸಂಜೆ ಸೀರೆ ಬಿಚ್ಚಿ ಮಡಿಸುವಾಗ ಅದು ನೆನಪಾಯಿತು. ಅವನ ನಂಬರು ನನ್ನ ಫೋನಿನಲ್ಲೇ ಇತ್ತು. ಡಜನ್ನಿನಲ್ಲಿ ಒಂದು ತಾನೇ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕೈಗುಣದ ಹುಡುಗಿ ಮರೆತಳು ಎನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಫೋನು ಮಾಡಲಿಲ್ಲ.

ಒಂದು ವಾರದ ಮೇಲೆ ಅಣ್ಣ ಊರಿಗೆ ಬಂದ. ಒಂದೇ ಒಂದು ಹೊಡೆತದ ಅಂತರದಲ್ಲಿ ಪಟ್ಟಿಯಿಂದ ಹೊರಗೆ ಬಿದ್ದಿದ್ದ. ಏನಾಯಿತು ಎಂದು ಕೇಳಿದವರಿಗೆಲ್ಲ, "ನಂದೇ ತಪ್ಪು ಕಣ್ರೀ, ಚೆಂಡು ಉಲ್ಲೊಳಕ್ಕೆ ಒಂಟೋಯ್ತು" ಎಂದಷ್ಟೇ ಹೇಳಿದ. ನಾನು ಬೇಲಿಯ ಈಚೆ ಬಟ್ಟೆ ಒಣಹಾಕುತ್ತಾ ಕೇಳಿಸಿಕೊಂಡೆ. ಯಾವ ಚೆಂಡು ಎಂದು ಕೇಳದೆ ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದೆ.

ಮರುವರ್ಷ ಮತ್ತೆ ಆಯ್ಕೆಗೆ ಹೋದ, ಆಗಲಿಲ್ಲ. ಅದರ ಮರುವರ್ಷ ಸೊಂಟ ಹಿಡಿಯಿತು. ಸ್ವಲ್ಪ ದಿನ ಮೈಸೂರಿನಲ್ಲಿ ಬೇರೆಯವರಿಗೆ ಆಟ ಕಲಿಸಿ, ಅದನ್ನೂ ಬಿಟ್ಟು ಬಂದು ಹೊಲಕ್ಕೆ ಇಳಿದ. ಕೋಲುಗಳ ಚೀಲ ಬ್ಯಾರನ್ನಿನ ಅಟ್ಟ ಸೇರಿತು. ಸೊಪ್ಪು ಮುಗಿದ ಹೊಲದಲ್ಲಿ ಅವನು ಮತ್ತೆ ನಿಂತದ್ದನ್ನು ನಾನು ಕಾಣಲಿಲ್ಲ.

ಆದರೂ ಪ್ರತಿ ವರ್ಷ ಸಸಿಮಡಿ ಹದವಾದಾಗ ಅವನ ಫೋನು ಬರುತ್ತಿತ್ತು. ನಾನು ಮದುವೆಯಾಗಿ ಕೆ.ಆರ್. ನಗರ ಸೇರಿದ ಮೇಲೂ ತಪ್ಪಲಿಲ್ಲ. "ಬತ್ತೀಯಾ ಕಣವ್ವ? ಮಡಿ ಕಾಯ್ತಾ ಅದೆ." ಹೋಗುತ್ತಿದ್ದೆ. ಬೂದಿಯಲ್ಲಿ ಬೆರೆಸಿದ ಬೀಜವನ್ನು ಮುಷ್ಟಿಯಲ್ಲಿ ಹಿಡಿದು, ಈ ವರ್ಷ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬೀಜ ಹಾಕಿ, ಅತ್ತಿಗೆ ಕೊಟ್ಟ ಕಾಫಿ ಕುಡಿದು, ಬಸ್ಸು ಹತ್ತಿ ಬರುತ್ತಿದ್ದೆ. ಹನ್ನೊಂದು ವರ್ಷ ಹಾಗೇ ಮಾಡಿದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಹಂತ ಬಿಟ್ಟುಹೋದರೆ ಅರ್ಧ ಅಂಕ ಕಳೆಯುವವಳು ನಾನು.

ಕಳೆದ ತಿಂಗಳು ಹೊಲದಲ್ಲೇ ಎದೆನೋವು ಬಂದು ಅಣ್ಣ ಹೋದ. ತಿಥಿ ಮುಗಿದ ಮೇಲೆ ಅತ್ತಿಗೆ ನನ್ನನ್ನು ಒಳಗೆ ಕರೆದು ಈ ಡಬ್ಬಿ ಕೊಟ್ಟಳು.

"ಉಲ್ಲಲ್ಲಿ ಚೆಂಡು ಸಿಕ್ತಂತೆ ಕಣವ್ವ. ಚುಕ್ಕಿ ಇರ್ಲಿಲ್ವಂತೆ. ನಂದೇ ಅಂದಿದ್ರೆ ಯಾರೂ ಕೇಳ್ತಿರ್ಲಿಲ್ಲ, ಆದ್ರೆ ಗೊತ್ತಿಲ್ದೆ ಎಂಗ್ ಯೋಳ್ಳಿ ಅಂತ ಬುಟ್ಟುಬಂದ್ರಂತೆ. ರೂಮಿಗೆ ಬಂದು ಡಬ್ಬಿ ನೋಡುದ್ರೆ ಮಿಕ್ಕಿದ್ಕೆಲ್ಲ ಚುಕ್ಕಿ ಅದೆ, ಆ ಒಂದೇ ಕಮ್ಮಿ. ತಿರ್ಗ ಓಗಿ ಇದ್ನ ಎತ್ಕಂಡ್ ಬಂದ್ರಂತೆ."

"ನನಗ್ಯಾಕೆ ಹೇಳಲಿಲ್ಲ ಅತ್ತಿಗೆ?" ಎಂದೆ.

"ನಾನೂ ಕೇಳ್ದೆ. ಯೋಳುದ್ರೆ ಅವಳು ಇನ್ನೊಂದ್ ಮಡಿಗೆ ಬೀಜ ಆಕಲ್ಲ ಕಣೆ, ಸುಮ್ಕಿರು ಅಂದ್ರು."

ಈಗ ಆ ಚೆಂಡು ನನ್ನ ಮೇಜಿನ ಮೇಲಿದೆ, ಪಕ್ಕದಲ್ಲಿ ಪತ್ರಿಕೆ ತಿದ್ದುವ ಕೆಂಪು ಪೆನ್ನಿದೆ. ಒಂದೆರಡು ಸಲ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ್ದೇನೆ. ಊರಿನಲ್ಲಿ ಬೇರೆಯವರ ಮಡಿಗಳಿಗೆ ಬೀಜ ಬಿದ್ದು ವಾರವಾಯಿತಂತೆ. ಅವನ ಮಡಿಯನ್ನು ಈ ಸಲ ಯಾರೂ ಅಗೆದಿಲ್ಲ. ಕರೆಯುವವರಿಲ್ಲ... ಹೇಳಬೇಕಾಗಿದ್ದವಳು ನಾನು, ಮತ್ತು ಅವನಿಗೆ ಎಲ್ಲಾ ಗೊತ್ತಿತ್ತು.